ದೋನ್ಯಾ ಸೆಲ್ಮೀರಾ ಮನೆ ಒಪ್ಪ ಮಾಡಿದ್ದು

ಮಾರಾಟಕ್ಕಿಟ್ಟ ಮನೆಗಳನ್ನು ಫೋಟೋ ತೆಗೆಯುವ ಮುಂಚೆ ಓರಣ ಮಾಡಿಕೊಡುವುದು ನಿದಿಯಾಳ ಕಸುಬು. ಮೊಂಟೆವಿಡಿಯೊ ನಗರದಲ್ಲಿ ಹನ್ನೆರಡು ವರ್ಷದಿಂದ ಅದನ್ನೇ ಮಾಡಿಕೊಂಡಿದ್ದಳು. ಪ್ರಾದೊ ಬಡಾವಣೆಯ ಆ ಹಳೇ ಮನೆಗೆ ಕಳಿಸುವಾಗ ಕಚೇರಿಯವರು, ಇಬ್ಬರು ಫೋಟೋದವರು ಅಲ್ಲಿಂದ ಬರಿಗೈಯಲ್ಲಿ ವಾಪಸು ಬಂದಿದ್ದಾರೆ ಎಂದಷ್ಟೇ ಹೇಳಿದ್ದರು.

ಕಾರಣ ಬಾಗಿಲಲ್ಲೇ ಕಂಡಿತು. ನಡುಮನೆಯ ಉದ್ದಕ್ಕೂ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿತ್ತು. ಮೇಜಿನ ಮೇಲೆ ಎಂಜಲು ತಟ್ಟೆಗಳು. ಒಲೆಯ ಮೇಲೆ ಬೇಯುತ್ತಿದ್ದ ಹೂಕೋಸಿನ ವಾಸನೆ ಮನೆಯನ್ನೆಲ್ಲ ಹಿಡಿದಿತ್ತು. ಇವುಗಳ ನಡುವೆ ಬಾಡಿಗೆಗಿದ್ದ ಸೆಲ್ಮೀರಾ ಕಾಲ ಮೇಲೆ ಕಾಲು ಹಾಕಿ, ಸೋರೆಬುರುಡೆಯಿಂದ ಮಾಟೆ ಎಲೆಯ ಕಷಾಯ ಹೀರುತ್ತ ಕೂತಿದ್ದಳು. ಅರವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಆ ಮನೆಯಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದಳು. ಮಾರಲು ಹೊರಟ ಮಾಲೀಕ ಸ್ಪೇನಿನಲ್ಲಿದ್ದ.

"ಬಾ ಮಗಳೇ, ತೆಗಿ ಫೋಟೋ. ನನ್ನ ಒಳಲಂಗಾನೂ ಬರ್ಲಿ," ಎಂದಳು.

"ಫೋಟೋದವನು ನಾಲ್ಕಕ್ಕೆ ಬರ್ತಾನೆ, ದೋನ್ಯಾ ಸೆಲ್ಮೀರಾ. ನಾನು ಮನೆ ಒಪ್ಪ ಮಾಡೋಳು." ಹಿರಿಯಳೆಂದು ನಿದಿಯಾ 'ದೋನ್ಯಾ' ಸೇರಿಸಿಯೇ ಕರೆದಳು.

"ಒಪ್ಪ ಮಾಡಿ ನನ್ನ ಬೀದಿಗೆ ಹಾಕೋಳು ಅನ್ನು."

ನಿದಿಯಾ ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಕೂತು ಸುತ್ತ ನೋಡಿದಳು. ಮೂಲೆಗಳಲ್ಲಿ ಒಂದೆಳೆ ಬಲೆಯಿಲ್ಲ. ಎಂಜಲು ತಟ್ಟೆಗಳ ಕೆಳಗೆ ಮೇಜು ಫಳಫಳ ಹೊಳೆಯುತ್ತಿತ್ತು. ಈ ಗಲೀಜೆಲ್ಲ ಬೇಕೆಂದೇ ಹರಡಿದ್ದು, ಹರಡುವಾಗ ಪಾಪ ಅವಳ ಕೈಗೆ ಹೇಸಿಗೆಯೂ ಆಗಿರಬೇಕು ಅನ್ನಿಸಿತು.

"ಗಲೀಜಾಗಿದ್ರೆ ಮಾರಾಟ ಆಗಲ್ಲ ಅಂದ್ಕೊಂಡ್ರಾ?"

"ಇದನ್ನ ಯಾವ ಹುಚ್ಚ ತಗೋತಾನೆ?"

"ಕಟ್ಟಡ ಕಟ್ಟೋರು. ಅವ್ರಿಗೆ ಮನೆ ಬೇಡ, ಜಾಗ ಸಾಕು. ಕೆಡವಿ ಎಂಟು ಮಹಡಿ ಎಬ್ಬಿಸ್ತಾರೆ. ಚೆನ್ನಾಗಿ ಕಂಡ್ರೆ ಸಂಸಾರಸ್ಥರು ಯಾರಾದ್ರೂ ಬರಬಹುದು. ಹ್ಯಾಗಾದ್ರೂ ನೀವಂತೂ ಹೋಗ್ಲೇಬೇಕು. ಅದರಲ್ಲಿ ನಾನು ಸುಳ್ಳು ಹೇಳಲ್ಲ."

ಸೆಲ್ಮೀರಾ ಮಾಟೆಯ ಬುರುಡೆಗೆ ಇನ್ನೊಮ್ಮೆ ಬಿಸಿನೀರು ಹೊಯ್ದುಕೊಂಡು, ಪೂರ್ತಿ ಕುಡಿದು ಮುಗಿಸಿದಳು. ಆಮೇಲೆ ಎದ್ದು ಒಲೆ ಆರಿಸಿದಳು.

"ಆ ಹಗ್ಗ ಬಿಚ್ಚು," ಎಂದಳು.

ಹೇಳಿ ಮಾಡಿಸಬೇಕಾದೀತು ಎಂದುಕೊಂಡು ಬಂದಿದ್ದ ನಿದಿಯಾಳೇ ಹೇಳಿಸಿಕೊಂಡು ಕೆಲಸ ಮಾಡುವಂತಾಯಿತು. ಫ್ರಿಜ್ಜಿನ ಮೇಲಿನ ಚೀಟಿಗಳು, ಗೋಡೆಯ ಸಂತರ ಪಟಗಳು, ಮಂಡಿ ನೋವಿನ ಮುಲಾಮು ಎಲ್ಲ ಪೆಟ್ಟಿಗೆ ಸೇರಿದವು. ತೀರಿಕೊಂಡ ಗಂಡನ ಫೋಟೋವನ್ನು ನಿದಿಯಾ ಮುಟ್ಟಲು ಹಿಂಜರಿದಾಗ ಸೆಲ್ಮೀರಾಳೇ ಇಳಿಸಿದಳು.

"ಇವನ ಮೋರೆ ನೋಡಿದ್ರೆ ಬರೋ ಗಿರಾಕಿನೂ ಓಡ್ಹೋಗ್ತಾನೆ."

ನಿದಿಯಾ ತಂದಿದ್ದ ಬಿಳಿ ದಿಂಬುಗಳಿಗೆ ಅವಳು ಒಪ್ಪಿದಳು. ಪ್ಲಾಸ್ಟಿಕ್ ಹೂಗಳನ್ನು ಮಾತ್ರ "ಏನೇ ಇದು, ಹೆಣದ ಮುಂದೆ ಇಡೋದಾ?" ಎಂದು ಚೀಲಕ್ಕೆ ವಾಪಸು ತುರುಕಿದಳು. ಊಟದ ಮೇಜನ್ನು ಇಬ್ಬರೂ ಸೇರಿ ಪಶ್ಚಿಮದ ಕಿಟಕಿಗೆ ಎಳೆದರು. ನಾಲ್ಕು ಗಂಟೆಗೆ ಬಿಸಿಲು ಅಲ್ಲಿಗೇ ಬರುವುದು, ಅದು ತನಗೆ ಗೊತ್ತು ಎಂದಳು ಸೆಲ್ಮೀರಾ. ಬಿಸಿಲು ಅಲ್ಲಿಗೇ ಬಂತು.

ಫೋಟೋದವನು ಕೋಣೆಯಿಂದ ಕೋಣೆಗೆ ಹೋಗುವಾಗ ಅವಳು ಹಿಂದೆ ಹಿಂದೆಯೇ ಇದ್ದಳು. ಅವನು ಹೋದ ಮೇಲೂ ಕೂರಲಿಲ್ಲ. ದಿಂಬು ಸುಕ್ಕಾದೀತೆಂದು ನಡುಮನೆಯಲ್ಲೇ ನಿಂತಿದ್ದಳು.

"ನಾನು ಸತ್ತ ಮಾರನೇ ದಿನ ಮನೆ ಹೀಗಿರ್ತಿತ್ತೇನೋ," ಎಂದಳು.

ನಿದಿಯಾ ದಿಂಬುಗಳನ್ನು ಎತ್ತಿ ಕಾರಿಗೆ ಹಾಕತೊಡಗಿದಳು.

ಐದನೇ ವಾರಕ್ಕೆ ಮನೆ ಹೋಯಿತು. ಕೊಂಡವರು ಮೂರು ಮಕ್ಕಳ ದಂಪತಿ; ಗಂಡ ಹೆಂಡತಿ ಇಬ್ಬರೂ ಹಲ್ಲಿನ ಡಾಕ್ಟರು. ಸೆಲ್ಮೀರಾ ನಗರದಾಚೆಯ ಲಾಸ್ ಪಿಯೆದ್ರಾಸ್‌ನಲ್ಲಿ ನಾದಿನಿಯ ಮನೆಯ ಹಿಂದಿನ ಒಂದು ಕೋಣೆಗೆ ಹೋದಳು. ಅವಳು ಸುಖವಾಗಿಲ್ಲವೆಂದು ಕಚೇರಿಯ ಹುಡುಗಿಯೊಬ್ಬಳಿಂದ ತಿಳಿದ ದಿನ ನಿದಿಯಾ ಫೋನ್ ಮಾಡಿದಳು.

"ಒಂದು ಕೆಲಸ ಇದೆ. ನನ್ನ ಜೊತೆ ಬರ್ತೀರಾ?"

"ಇನ್ನೊಬ್ಬಳನ್ನ ಬೀದಿಗೆ ಹಾಕೋಕಾ?"

"ಇಲ್ಲಿ ಮಾಲೀಕರೇ ಇದ್ದಾರೆ. ಅವರಾಗೇ ಬಿಟ್ಟು ಹೋಗ್ತಿದ್ದಾರೆ."

ಆ ಕಡೆ ನಾದಿನಿಯ ಟೀವಿ ಗದ್ದಲ ಮಾಡುತ್ತಿತ್ತು. ಅದರ ನಡುವೆಯೇ, ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಸೆಲ್ಮೀರಾ ನಾದಿನಿಯನ್ನು ಕೂಗಿ ಕೇಳುವುದು ಕೇಳಿಸಿತು.

ಸೋಮವಾರ ಅವಳು ತನ್ನದೇ ಕೆಲಸದ ನಿಲುವಂಗಿ ತೊಟ್ಟು ಬಂದಳು. ಮನೆಯೊಡೆಯ, ನಿವೃತ್ತ ವಕೀಲ, ಸೋಫಾದಲ್ಲಿ ಪೇಪರು ಓದುತ್ತಿದ್ದ. ಸೆಲ್ಮೀರಾ ಅವನಿಗೆ ಕಾಲು ಮೇಲೆತ್ತಲು ಹೇಳಿ, ಜಮಖಾನೆ ಸುತ್ತತೊಡಗಿದಳು.