ಎರಡು ಡೆಸಿಬಲ್

ನೇಯ್ಗೆ ಶೆಡ್ಡಿನ ಹನ್ನೊಂದು ಜನರ ಕಿವಿ ಸರಿಯಾಗಿದೆಯೆಂದು ಅವನು ಶುಕ್ರವಾರ ಬರೆದುಕೊಟ್ಟ. ಒಬ್ಬರ ಕಿವಿಯೂ ಸರಿಯಿರಲಿಲ್ಲ. ಹಾಗೆಂದು ಬರೆದಿದ್ದರೆ ಕಾರ್ಖಾನೆ ಪರಿಹಾರ ಕೊಡಬೇಕಾಗುತ್ತಿತ್ತು.

ಭಾನುವಾರ ಹೆಂಡತಿಯ ಜೊತೆ, ಟಿವಿಗೂ ಸ್ಪೀಕರುಗಳಿಗೂ ಜೋಡಿಸುವ ರಿಸೀವರ್ ಕೊಳ್ಳಲು ಅಂಗಡಿಗೆ ಬಂದ. ಕಾರ್ಖಾನೆಯ ಮ್ಯಾನೇಜರ್ ಕಳಿಸಿದ ಉಡುಗೊರೆ ಕೂಪನ್ನು ಅವಳ ಪರ್ಸಿನಲ್ಲಿತ್ತು. ಯಾಕೆ ಕಳಿಸಿದರೆಂದು ಅವಳು ಕೇಳಿರಲಿಲ್ಲ. ಕೇಳಿದರೆ ಹೇಳಲು ಒಂದು ಸುಳ್ಳನ್ನು ತಯಾರು ಮಾಡಿಕೊಂಡಿದ್ದ. ಅವಳು ಕೇಳದೇ ಹೋದದ್ದು ಒಂದು ಥರ ಅವಮಾನವೆನಿಸಿತು.

ಅಂಗಡಿಯೊಳಗೊಂದು ಕೋಣೆ. ಗೋಡೆಗೆಲ್ಲ ದಪ್ಪ ಸ್ಪಂಜು, ಗಾಜಿನ ಬಾಗಿಲಿನ ಅಂಚಿಗೆ ರಬ್ಬರು. ಮುಚ್ಚಿದೊಡನೆ ರಸ್ತೆ ಸತ್ತುಹೋಯಿತು. ಇಂಥದೇ ಕೋಣೆಯಲ್ಲಿ, ಇದಕ್ಕಿಂತ ಇಕ್ಕಟ್ಟಾದದ್ದರಲ್ಲಿ, ವಾರಕ್ಕೆ ಆರು ದಿನ ಅವನು ಜನರ ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸುತ್ತಿದ್ದ.

"ಸಿನಿಮಾಕ್ಕಾ ಸರ್, ಹಾಡಿಗಾ?" ಮಾರಾಟದವನು ಕೇಳಿದ.

"ಸಿನಿಮಾಕ್ಕೆ," ಎಂದಳು ಹೆಂಡತಿ.

"ಹಾಡಿಗೆ," ಎಂದ ಅವನು.

"ಮದುವೆ ಆಗಿ ಎಷ್ಟು ವರ್ಷ ಆಯ್ತು ಮೇಡಂ?"

"ಹದಿನಾರು. ಯಾಕೆ?"

"ಹಾಗಾದ್ರೆ ಎರಡಕ್ಕೂ ಆಗೋದನ್ನೇ ಕೊಡ್ತೀನಿ, ಬಿಡಿ."

ಹೆಂಡತಿ ನಕ್ಕಳು. ಅವನು ನಗಲು ಸ್ವಲ್ಪ ತಡವಾಯಿತು.

ರಿಸೀವರುಗಳ ಕಪ್ಪು ಪೆಟ್ಟಿಗೆಗಳೆರಡನ್ನು ತೋರಿಸುತ್ತ ಮಾರಾಟದವನು ಶುರುಹಚ್ಚಿಕೊಂಡ. "ಸಿನಿಮಾ ಹಾಕಿದ್ರೆ ಐದೂ ಸ್ಪೀಕರು ಕೂಗ್ತವೆ. ಹಾಡು ಕೇಳ್ಬೇಕಾ, ಈ ಗುಂಡಿ ಒತ್ತಿ. ಮೂರು ಬಾಯಿ ಮುಚ್ಕೋತವೆ, ಮುಂದಿನ ಎರಡೇ ಹಾಡೋದು. ಮಧ್ಯೆ ಯಾರೂ ಕೈ ಆಡಿಸಲ್ಲ ಸರ್. ಹೆಂಗೆ ಹಾಡಿದಾರೋ ಹಂಗೇ."

ಮೊದಲ ಪೆಟ್ಟಿಗೆಯಲ್ಲಿ ಒಂದು ಪಿಟೀಲು, ಅದರ ಹಿಂದೆ ಒಬ್ಬಳ ದನಿ. ಚೆನ್ನಾಗಿತ್ತು. ಎರಡನೆಯದರಲ್ಲಿ ಅದೇ ಪಿಟೀಲು ಮೈ ತುಂಬಿಕೊಂಡು ಬಂದಿತು.

"ಎರಡನೇದೇ," ಎಂದಳು ಹೆಂಡತಿ. "ಇದನ್ನ ಕೇಳಿದ್ಮೇಲೆ ಅದು ನೆಗಡಿ ಬಂದವರು ಹಾಡಿದ ಹಾಗಿದೆ."

ರಿಮೋಟಿನ ಮೇಲೆ ಮಾರಾಟದವನ ಹೆಬ್ಬೆರಳು ಎರಡು ಸಲ ಆಡಿದ್ದನ್ನು ಅವನು ನೋಡಿದ್ದ.

"ಎರಡು ಡೆಸಿಬಲ್ ಏರಿಸಿದ್ರಿ."

"ಏನು ಸರ್?"

"ಎರಡನೇದಕ್ಕೆ ಸದ್ದು ಏರಿಸಿದ್ರಿ. ಸ್ವಲ್ಪ ಜೋರಾಗಿದ್ರೆ ಸಾಕು, ಒಳ್ಳೇದು ಅನ್ಸುತ್ತೆ. ಪೆಟ್ಟಿಗೆಯಲ್ಲಿ ಅಂಥ ವ್ಯತ್ಯಾಸ ಏನಿಲ್ಲ."

ಮಾರಾಟದವನು ನಾಚಲಿಲ್ಲ. "ಸರ್ ಕೆಲಸ ಏನೋ?"

"ಕಿವಿ ಡಾಕ್ಟ್ರು," ಹೆಂಡತಿ ಹೆಮ್ಮೆಯಿಂದ ಹೇಳಿದಳು.

"ಡಾಕ್ಟ್ರಲ್ಲ. ಕಿವಿ ಪರೀಕ್ಷೆ ಮಾಡ್ತೀನಿ, ಅಷ್ಟೇ."

"ಹಂಗೆ ಹೇಳಿ ಮತ್ತೆ! ನಮ್ಮ ಕಸುಬಿನವರೇ."

ಮಾರಾಟದವನು ಏರಿಸಿದ್ದು ಬರೀ ಎರಡು. ಶುಕ್ರವಾರ ತಾನು ಗುಂಡಿಯನ್ನು ಎಪ್ಪತ್ತಕ್ಕೋ ಎಂಬತ್ತಕ್ಕೋ ತಿರುಗಿಸಿ, ಹಾಳೆಯಲ್ಲಿ ಸರಿಯಾದ ಕಿವಿಗೆ ಸಾಕಾಗುವ ಇಪ್ಪತ್ತೈದು ಎಂದು ಬರೆದಿದ್ದ. ಹೆಡ್‌ಫೋನಿನಲ್ಲಿ ಸದ್ದು ಮೂಡಿದೊಡನೆ ಶೆಡ್ಡಿನವರು ಪಾಸಾದ ಮಕ್ಕಳಂತೆ ಕೈ ಎತ್ತುತ್ತಿದ್ದರು. ಕಿವುಡೆಂದು ಗೊತ್ತಾದರೆ ಕೆಲಸ ಹೋಗುತ್ತದೆಂದು ಅವರ ಹೆದರಿಕೆ. ಒಬ್ಬನಂತೂ, "ಉಳಿಸಿದ್ರಿ ಸರ್," ಎಂದು ಕೈ ಮುಗಿದಿದ್ದ. ಅವನೂ ತಿರುಗಿ ಕೈ ಮುಗಿದಿದ್ದ.

ಫೋನು ಬಂತು. ಮ್ಯಾನೇಜರ್. ಬಾಗಿಲು ತೆಗೆದುಕೊಂಡು ಹೊರಗೆ ಹೋದ.

"ಸಿಕ್ತೇನ್ರೀ ರಿಸೀವರ್ರು?"

"ನೋಡ್ತಾ ಇದ್ದೀವಿ ಸರ್."

"ನಿಧಾನ ನೋಡಿ. ಆ ಹನ್ನೆರಡನೇದು ಒಂದು ಉಳ್ಕೊಂಡಿದೆಯಲ್ಲ, ದೊಡ್ಡಮ್ಮಂದು." ಶೆಡ್ಡಿನ ಅತಿ ಹಿರಿಯಳು, ಎಲ್ಲರೂ ಕರೆಯುವುದೇ ಹಾಗೆ. "ನಿಮ್ಮ ಹಾಳೆಗೆ ಸಹಿ ಹಾಕಲ್ಲ ಅಂತ ಕೂತಿದಾಳೆ. ಅಷ್ಟು ಜೋರು ಸದ್ದು ಕೇಳೋಕೆ ಕಿವಿ ಯಾಕಪ್ಪ, ಎದೆ ಇದ್ರೆ ಸಾಕು ಅಂತಾಳೆ. ಅವಳು ಬಾಯಿ ಬಿಟ್ರೆ ಉಳಿದ ಹನ್ನೊಂದೂ ತಿರುಗಿ ಬೀಳ್ತವೆ. ನಾಳೆ ಎಂಟಕ್ಕೆ ಮತ್ತೆ ಕೂರಿಸಿ. ಅವಳಿಗೆ ಕೇಳೋ ಹಾಗೆ ಮಾಡಿ."

ಅವನು ಬಾಗಿಲಿನ ಗಾಜಿನ ಮೂಲಕ ಒಳಗಿದ್ದ ಹೆಂಡತಿಯನ್ನು ನೋಡಿದ.

"ಕೇಳಿಸ್ತೇನ್ರೀ?"

"ಸ್ವಲ್ಪ ಕಟ್ ಆಯ್ತು ಸರ್." ಕಟ್ ಆಗಿರಲಿಲ್ಲ.

"ಎಂಟಕ್ಕೆ," ಎಂದು ಮ್ಯಾನೇಜರ್ ಫೋನಿಟ್ಟ.

ಒಳಗೆ ಬಂದಾಗ ವ್ಯಾಪಾರ ಕುದುರಿತ್ತು. ಎರಡನೆಯದೇ. ಸೋಫಾದ ಮೇಲೆ, ಕೂತವರ ತಲೆ ಬರುವ ಜಾಗದಲ್ಲಿ, ಮೂರು ಕಾಲಿನ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಮೈಕು ನಿಂತಿತ್ತು.

"ಮನೇಲೂ ಹೀಗೇ ಮಾಡ್ಬೇಕು, ನೋಡ್ಕೊಳ್ಳಿ," ಎಂದ ಮಾರಾಟದವನು. "ಇದು ಕೋಣೇನ ಅಳೆಯುತ್ತೆ. ಯಾವ ಗೋಡೆ ಎಷ್ಟು ಸದ್ದು ನುಂಗುತ್ತೆ ಅಂತ ತಾನೇ ಕಂಡ್ಕೊಂಡು ಸರಿಮಾಡ್ಕೊಳ್ಳುತ್ತೆ. ಮೂರು ನಿಮಿಷ ಯಾರೂ ಪಿಟ್ ಅನ್ನಬಾರದು."

ಎಡಗಡೆಯಿಂದ ಒಂದು ಸದ್ದು ಕೆಳಗಿನಿಂದ ಮೇಲಕ್ಕೇರಿ ನಿಂತಿತು. ನಿಶ್ಶಬ್ದ. ಬಲಗಡೆಯಿಂದ ಒಂದು.

"ಎಪ್ಪತ್ತು," ಎಂದ ಅವನು.

ಟಿವಿಯ ಪರದೆಯ ಮೇಲೆ ಕೆಂಪು ಸಾಲು ಮೂಡಿತು: ಗದ್ದಲ ಹೆಚ್ಚಾಗಿದೆ, ಮತ್ತೆ ಪ್ರಯತ್ನಿಸಿ.

"ಸರ್, ಮಾತಾಡ್ಬಾರ್ದು," ಎಂದು ಮಾರಾಟದವನು ಅಳತೆಯನ್ನು ಮೊದಲಿನಿಂದ ಶುರುಮಾಡಿದ.

"ಶೆಡ್ಡಿನ ಒಂದನೆಯವರು ಎಪ್ಪತ್ತು. ಎರಡನೆಯವರು ಅರವತ್ತೈದು."

"ರೀ, ಏನಾಯ್ತು ನಿಮಗೆ?" ಹೆಂಡತಿ ಅವನ ತೋಳು ಹಿಡಿದಳು. "ಯಾರ ಲೆಕ್ಕ ಇದು?"

ಅವನು ಮೈಕಿನ ಹತ್ತಿರ ಬಾಗಿದ. ಅಷ್ಟು ಹತ್ತಿರದಿಂದ ಅದು ಬಟಾಣಿ ಕಾಳಿನಷ್ಟಿತ್ತು. "ಮೂರನೆಯವರು ಎಪ್ಪತ್ತೈದು. ಬಲಗಿವಿ ಪೂರ್ತಿ ಹೋಗಿದೆ."

ಕೆಂಪು ಸಾಲು. ಮಾರಾಟದವನು ಎದ್ದು ಹೋಗಿ, ಸರಿಯಾಗಿಯೇ ಮುಚ್ಚಿದ್ದ ಬಾಗಿಲನ್ನು ಇನ್ನೊಮ್ಮೆ ಒತ್ತಿ ಮುಚ್ಚಿದ. ಗಾಜಿನಾಚೆ ಒಂದು ಸಂಸಾರ ಟಿವಿ ನೋಡುತ್ತ ನಿಂತಿತ್ತು. ಯಾರೂ ಇತ್ತ ತಿರುಗಲಿಲ್ಲ.

"ಎರಡು ನಿಮಿಷ ಬಾಯಿ ಮುಚ್ಕೊಂಡಿರಿ ಸರ್, ನಿಮ್ಮ ದಮ್ಮಯ್ಯ."

"ಇಲ್ಲ," ಎಂದ ಅವನು. "ನಾಲ್ಕನೆಯವರು. ಎಂಬತ್ತು."