ಬಾಣಂತಿ ಕೋಣೆಯ ಕರಿ ಗೋಡೆ

ಹಿತ್ತಲಲ್ಲಿ ಹಾವು ಕಂಡರೂ ಯದುಗಿರಿಯಮ್ಮ ಹೆದರುವವರಲ್ಲ. ಆದರೆ ಮನೆಯೊಳಗೆ ಎದ್ದ ಆ ಕರಿ ಗೋಡೆ ಕಂಡರೆ ಅವರ ಎದೆ ಝಲ್ಲೆನ್ನುತ್ತಿತ್ತು.

ಅದನ್ನು ಕಟ್ಟಿಸಿದವನು ಮಗ ಭಾಷ್ಯಂ, ಬೇಲೂರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬಾಣಂತಿ ಕೋಣೆಯ ದಕ್ಷಿಣದ ಕಿಟಕಿಗೆ ಆಳೆತ್ತರದ ಗಾಜು, ಅದರ ಹಿಂದೆ ಕೋಣೆಯೊಳಗೆ ಒಬ್ಬರು ನುಸುಳುವಷ್ಟು ಜಾಗ ಬಿಟ್ಟು ಮೊಳ ದಪ್ಪದ ಕಲ್ಲುಗೋಡೆ, ಗಾಜಿನ ಕಡೆಗೆ ಕಪ್ಪು ಬಣ್ಣ. ಧನುರ್ಮಾಸದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಗಲೆಲ್ಲ ಕಾದ ಗೋಡೆ ಸಂಜೆಯಿಂದ ಕೋಣೆಯನ್ನು ಬೆಚ್ಚಗಿಡುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದನಂತೆ.

ಕೆಂಡ ಇಡಬಹುದಿತ್ತಲ್ಲ ಎಂದು ಆ ಮನೆಯಲ್ಲಿ ಯಾರೂ ಕೇಳುವಂತಿರಲಿಲ್ಲ. ಎರಡು ವರ್ಷದ ಹಿಂದೆ ಸೊಸೆ ವೇದವಲ್ಲಿಯ ಚೊಚ್ಚಲ ಕೂಸಿಗೆ ಚಳಿಯಾದೀತೆಂದು ಯದುಗಿರಿಯಮ್ಮನೇ ಅಗ್ಗಿಷ್ಟಿಕೆ ತುಂಬ ಇದ್ದಿಲು ಹೊತ್ತಿಸಿ, ಗಾಳಿಯಾಡದಂತೆ ಬಾಗಿಲು ಮುಚ್ಚಿದ್ದರು. ಇದ್ದಿಲಿನ ವಿಷಗಾಳಿಯಲ್ಲಿ ತಾಯಿ ಉಳಿದಳು, ಮಗು ಉಳಿಯಲಿಲ್ಲ. ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಈಗ ಸೊಸೆಗೆ ಮತ್ತೆ ಎಂಟು ತುಂಬಿತ್ತು. ಭಾಷ್ಯಂ ಮೇಷ್ಟ್ರುಗಳ ಶಿಬಿರಕ್ಕೆಂದು ಮೂರು ದಿನ ಅರಸೀಕೆರೆಗೆ ಹೋದದ್ದೇ ತಡ, ಯದುಗಿರಿಯಮ್ಮ ಗಾರೆ ಕೆಲಸದ ಜವರಯ್ಯನನ್ನು ಕರೆಸಿದರು.

"ಎರಡು ಸಲ ಸುಣ್ಣ ಹೊಡಿ. ಮಗು ಹುಟ್ಟೋ ಮನೇಲಿ ಕರಿ ಗೋಡೆಯೇ?"

"ಕರ್ರಗೇ ಇರ್ಲಿ ಅಂದವ್ರೆ ಮೇಷ್ಟ್ರು. ಕಪ್ಪಾದ್ರೇನೇ ಬಿಸ್ಲು ಹಿಡಿಯೋದಂತೆ, ಅಮ್ಮಾವ್ರೇ."

"ಕಲ್ಲಿಗೆ ಬಿಸಿಲು ಬಿದ್ದರಾಯಿತು. ನೀನು ಹೊಡಿ."

ಗೋಡೆ ಬೆಳ್ಳಗಾಯಿತು. ಅಂದು ಸಂಜೆಯೇ ನೋವು ಶುರುವಾಗಿ, ದಿನ ತುಂಬದ ಪುಟ್ಟ ಹೆಣ್ಣು ಕೂಸು ಹುಟ್ಟಿತು.

ಮರುದಿನ ಬಿಸಿಲೇನೋ ಚೆನ್ನಾಗಿಯೇ ಬಿತ್ತು. ಸಂಜೆ ಯದುಗಿರಿಯಮ್ಮ ಗೋಡೆ ಮುಟ್ಟಿದರೆ ಬಾವಿಕಟ್ಟೆಯ ಹಾಗೆ ತಣ್ಣಗೆ ಕೊರೆಯುತ್ತಿತ್ತು.

"ಅತ್ತೆ, ಮಗೂ ಪಾದ ತಣ್ಣಗಿದೆ," ಎಂದಳು ವೇದವಲ್ಲಿ.

"ಒಂಚೂರು ಕೆಂಡ ಮಡಗಿ, ಅಮ್ಮಾವ್ರೇ. ಕೂಸು ತಡ್ಯಾಕಿಲ್ಲ," ಎಂದಳು ಸೂಲಗಿತ್ತಿ ಮಾದಮ್ಮ.

"ಕೆಂಡ ಬೇಡ!" ವೇದವಲ್ಲಿ ಕೂಸನ್ನು ಅವಚಿಕೊಂಡು ಅತ್ತೆಗೆ ಬೆನ್ನು ಹಾಕಿದಳು. ರಾತ್ರಿಯೆಲ್ಲ ಕೂಸು ಅವಳ ಎದೆಯ ಮೇಲೇ ಇತ್ತು. ಯದುಗಿರಿಯಮ್ಮ ಹೊಸ್ತಿಲಾಚೆ ಕೂತು, ಅದು ಅಳುವುದನ್ನೇ ಕಾಯುತ್ತಿದ್ದರು. ಅದು ಸುಮ್ಮನಾದಾಗಲೆಲ್ಲ ಇವರ ಜೀವ ಬಾಯಿಗೆ ಬರುತ್ತಿತ್ತು. ಇನ್ನೊಂದು ಹೋದರೆ, ಅದಕ್ಕೂ ತನ್ನ ಕೈಯೇ ಕಾರಣ.

ಬೆಳಿಗ್ಗೆ ಮಾದಮ್ಮ ದೃಷ್ಟಿಬೊಟ್ಟಿಗೆ ಕಾಡಿಗೆ ಕೇಳಿದಳು. ಯದುಗಿರಿಯಮ್ಮ ಬೆರಳಿಗೆ ಹಚ್ಚಿಕೊಂಡವರು ಹಾಗೇ ನಿಂತರು. ಮಗುವನ್ನು ಕಾಯಲೆಂದು ಕೆನ್ನೆಗೆ ಕಪ್ಪು ಇಡುವ ತಾನು ಗೋಡೆಯ ಕಪ್ಪಿಗೆ ಹೆದರಿದೆನಲ್ಲ! ತನ್ನ ಬುದ್ಧಿಗಿಷ್ಟು ಬೆಂಕಿ ಎಂದುಕೊಂಡು ಬಚ್ಚಲಿಗೆ ಓಡಿದರು. ನೀರೊಲೆಯ ಹಂಡೆ ಬೋರಲು ಹಾಕಿ ಮಸಿ ಕೆರೆದರು, ಗಂಜಿಯಲ್ಲಿ ಕಲಸಿದರು, ಗಾಜಿಗೂ ಗೋಡೆಗೂ ನಡುವೆ ಅಡ್ಡಡ್ಡ ನುಸುಳಿ ಎರಡೂ ಅಂಗೈಯಲ್ಲಿ ಬಳಿದರು. ಬೀದಿಯಲ್ಲಿ ಹೋಗುತ್ತಿದ್ದ ಎದುರುಮನೆ ಚೆಲುವಾಂಬ ಗಾಜಿನೊಳಗೆ ಅವರ ಅವತಾರ ಕಂಡು ಕೊಡ ಇಳಿಸಿ ನಿಂತುಬಿಟ್ಟಳು. ನಿಂತುಕೊಳ್ಳಲಿ! ಬಿಸಿಲೇರುವ ಮೊದಲು ಗೋಡೆ ಕಪ್ಪಾಯಿತು.

ಭಾಷ್ಯಂ ಸಂಜೆಯ ಬಸ್ಸಿಗೆ ಬಂದು, ಹೆರಿಗೆಯ ಸುದ್ದಿ ಬಾಗಿಲಲ್ಲೇ ಕೇಳಿ ಒಳಗೆ ಓಡಿದಾಗ ತಾಯಿ ಕೋಣೆಯಲ್ಲಿ ಗೋಡೆಯಿಂದ ಮಾರು ದೂರ ನಿಂತಿದ್ದರು. ಮುಟ್ಟಿ ನೋಡಲು ಧೈರ್ಯವಿರಲಿಲ್ಲ.

"ಸುಣ್ಣ ಹೊಡೆಸಿಬಿಟ್ಟಿದ್ದೆ ಕಣೋ. ನಿನ್ನೆ ತಣ್ಣಗಿತ್ತು. ಇವತ್ತು ಮಸಿ ಬಳಿದಿದೀನಿ. ನೀನೇ ನೋಡು, ನನ್ನ ಕೈಲಾಗಲ್ಲ."

ಅವನು ಗೋಡೆಗೆ ಅಂಗೈ ಇಟ್ಟ. ಆಮೇಲೆ ತಾಯಿಯ ಕೈ ಹಿಡಿದು ಪಕ್ಕದಲ್ಲಿ ಇಡಿಸಿದ. ಮಲಗಿದ ಹಸುವಿನ ಹೊಟ್ಟೆಯ ಹಾಗೆ ಬೆಚ್ಚಗಿತ್ತು. ಯದುಗಿರಿಯಮ್ಮ ಬಿಕ್ಕಿ ಬಿಕ್ಕಿ ಅತ್ತರು. ಆ ಅಳು ಎರಡು ವರ್ಷದ್ದು.

"ಅತ್ತೆ," ಎಂದಳು ವೇದವಲ್ಲಿ. ಕೂಸನ್ನು ಎರಡೂ ಕೈಯಲ್ಲಿ ಅವರತ್ತ ನೀಡಿದ್ದಳು. "ಗೋಡೆಗೆ ಒರಗಿ ಕೂತ್ಕೊಂಡು ಇವಳನ್ನ ಎತ್ಕೊಳ್ಳಿ. ನಾನೊಂದಿಷ್ಟು ನಿದ್ದೆ ಮಾಡ್ತೀನಿ."

"ಕೈಯೆಲ್ಲ ಮಸಿ ಕಣೇ. ಎಷ್ಟು ತೊಳೆದರೂ ಹೋಗಿಲ್ಲ."

"ಇರಲಿ ಬಿಡಿ," ಎಂದು ವೇದವಲ್ಲಿ ಕೂಸನ್ನು ಅವರ ಮಡಿಲಲ್ಲಿಟ್ಟು ಕಣ್ಣು ಮುಚ್ಚಿದಳು.