ಕಿವಿ ತಂದವನಿಗೆ ಮರಿ

ಪಗಾರ ಏರುವ ಮೊದಲೇ ವೈಜಿನಾಥ ಶೇರವಾನಿ ಹೊಲಿಸಿಬಿಟ್ಟಿದ್ದ. ಭಾಲ್ಕಿಯ ಬೇಳೆ ಗಿರಣಿ ಕಂಪನಿಗೆ ಅವನು ಮ್ಯಾನೇಜರ. ತಿಂಗಳಿಗೆ ನೂರೈವತ್ತು ರೂಪಾಯಿ, ನಿಜಾಮರ ಹಾಲಿ ನಾಣ್ಯದಲ್ಲಿ. 1949ರ ಬೇಸಿಗೆಯ ವಾರ್ಷಿಕ ಸಭೆಯಲ್ಲಿ ಇನ್ನೂರು ಕೇಳುವವನಿದ್ದ.

"ನುಕ್ಸಾನ ಆದ ವರ್ಷದಾಗ ಹೆಚ್ಚಿಗಿ ಕೇಳ್ತೀರಿ?" ಎಂದಳು ಹೆಂಡತಿ ಚಂದ್ರಭಾಗಾ, ಶೇರವಾನಿಗೆ ಗುಂಡಿ ಹಚ್ಚುತ್ತ.

"ನುಕ್ಸಾನ ನಾ ಮಾಡೀನೇನು? ಪೊಲೀಸ್ ಆಕ್ಷನ್ ಆತು, ಆತು."

ಆ ಉತ್ತರದ ಮೇಲೆ ಅವನಿಗೆ ಪೂರಾ ಭರವಸೆ. ಹಿಂದಿನ ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ನಿಜಾಮರ ರಾಜ್ಯಕ್ಕೆ ಬಂದಿತ್ತು. ಅದರ ಹಿಂದುಮುಂದಿನ ದಿನಗಳ ಲೂಟಿ, ಕೊಲೆಗಳ ಮಾತು ಬಂದರೆ ಊರಿಗೆ ಊರೇ ತಲೆ ತಗ್ಗಿಸುತ್ತಿತ್ತು. ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ.

ಸಭೆ ಗಿರಣಿಯ ಅಂಗಳದ ಬೇವಿನ ಮರದಡಿ ಕೂಡಿತು. ಅಧ್ಯಕ್ಷರು ಬೀದರಿನ ಬಟ್ಟೆ ವ್ಯಾಪಾರಿ ಅಬ್ದುಲ ಅಜೀಜ ಸೇಠರು. ಕಂಪನಿಗೆ ಪಾಲು ಹಾಕಿದ ಹಿಸ್ಸೇದಾರರಲ್ಲಿ ಹೆಚ್ಚಿನವರು ಔರಾದ ಕಡೆಯ ತೊಗರಿ ಬೆಳೆಯುವವರು, ಕುರಿ ಸಾಕುವವರು. ವೈಜಿನಾಥ ಎದ್ದು ನಿಂತು ನಷ್ಟದ ಕಾರಣ ಹೇಳಿದ: ರೈಲು ನಿಂತಿತು, ಗಿರಣಿ ಬಂದಾಯಿತು, ಗೋದಾಮಿನ ತೊಗರಿ ಕೊಳೆಯಿತು, ಎಲ್ಲಕ್ಕೂ ಪೊಲೀಸ್ ಆಕ್ಷನ್. ಅದೇ ಉಸಿರಿನಲ್ಲಿ ಇನ್ನೂರನ್ನೂ ಕೇಳಿದ.

ಔರಾದಿನ ಅಂಜನಾಬಾಯಿ ಎಲಡಿಕೆ ಬದಿಗೆ ಉಗುಳಿ ಬಂದು ಕುಳಿತಳು. ಅವಳಿಗೆ ದೊಡ್ಡ ಕುರಿಹಿಂಡು.

"ಮ್ಯಾನೇಜರ ಸಾಬ್, ನನ್ನ ಕುರಿ ಕಾಯಾಂವ ಬಕ್ಕಪ್ಪ. ಕುರಿ ಸತ್ರ ಕಿವಿ ಕೊಯ್ದು ತಂದು ನನ್ನ ಮುಂದ ಇಡ್ತಾನ. ಕಿವ್ಯಾಗಿನ ಗುರುತು ನೋಡಿ ಆತಪಾ ಅಂತೇನಿ. ಕಿವಿ ಇಲ್ಲಂದ್ರ ಕುರಿ ಮಾರ್ಕೊಂಡಾನ, ಇಲ್ಲಾ ಮಕ್ಕೊಂಡಾನ. ರೈಲು ಬರ್ಲಿಲ್ಲ, ಖರೆ. ಅದರ ಕಿವಿ ನಾವೂ ನೋಡೀವಿ. ತೊಗರಿ ಕೊಳತದ್ದರ ಕಿವಿ ಎಲ್ಲದರಿ?"

"ಅದೂ ಆ ಗದ್ದಲದಾಗೇ ಆಯಿ..."

"ತೊಗರಿ ತೊಯ್ದದ್ದು ಪಂಚಮಿ ಮಳ್ಯಾಗ. ಫೌಜು ಬರೂದು ಇನ್ನಾ ತಿಂಗಳಿತ್ತು."

ವೈಜಿನಾಥನ ಶೇರವಾನಿಯೊಳಗೆ ಬೆವರು ಇಳಿಯಿತು. ಗೋದಾಮಿನ ತಗಡು ತೂತಾದದ್ದು ಅವನಿಗೆ ಗೊತ್ತಿತ್ತು. ನಾಳೆ ನೋಡೋಣ ಎಂದು ಎರಡು ಮಳೆಗಾಲ ದಾಟಿಸಿದ್ದ.

"ಹಾಂಗಿದ್ರ ಪಗಾರಾನೂ ಕುರುಬಂದೇ ಕೊಡ್ರಿ. ಹೊಟ್ಟಿಗಿ ಜ್ವಾಳ, ಬದುಕಿದ ಮರ್‍ಯಾಗ ಪಾಲು," ಎಂದು ಹಿಂದಿನಿಂದ ಯಾರೋ ಚಾಷ್ಟಿ ಮಾಡಿದರು. ಎಲ್ಲರೂ ನಕ್ಕರು. ಅಜೀಜ ಸೇಠರು ಮಾತ್ರ ನಗಲಿಲ್ಲ. ಚಾಷ್ಟಿಯೇ ಠರಾವು ಆಯಿತು: ಪಗಾರ ಅರ್ಧ, ನಫಾದಲ್ಲಿ, ಅಂದರೆ ಲಾಭದಲ್ಲಿ, ಹತ್ತಕ್ಕೊಂದು ಪಾಲು. ಒಲ್ಲೆ ಎಂದರೆ ನಫಾ ಆಗುವುದಿಲ್ಲವೆಂದು ತಾನೇ ಒಪ್ಪಿಕೊಂಡಂತೆ. ವೈಜಿನಾಥ ಒಪ್ಪಿ ತಲೆಯಾಡಿಸಿದ.

ಸುದ್ದಿ ಕೇಳಿ ಚಂದ್ರಭಾಗಾ ಕೇಳಿದ್ದು ಒಂದೇ. "ಶೇರವಾನಿ ದರ್ಜಿ ವಾಪಸ್ ತಗೋತಾನೇನ್ರಿ?"

ಮರುದಿನ ವೈಜಿನಾಥ ತಗಡು ತರಲು ಬೀದರಿಗೆ ಹೋದ. ಆ ವರ್ಷ ವ್ಯಾಗನ್ನು ಬಂತೇ ಎಂದು ನೋಡಲು ಆಳನ್ನು ಕಳಿಸದೆ ತಾನೇ ಸ್ಟೇಷನ್ನಿನಲ್ಲಿ ಕೂತ. ಕಮಲನಗರದ ಸಂತೆಯಲ್ಲಿ ತೊಗರಿಯನ್ನು ಹಲ್ಲಿನಿಂದ ಕಚ್ಚಿ ನೋಡಿ ಕೊಂಡ. ಮನೆಯಲ್ಲಿ ಮಾತ್ರ ತುಪ್ಪ ಹೋಗಿ ಎಣ್ಣೆ ಬಂತು. ರೈಲುಗಳು ಓಡಿದವು, ಬೇಳೆಗೆ ಒಳ್ಳೆಯ ಧಾರಣೆ ಬಂತು, ಗಿರಣಿಗೆ ಹಿಂದೆಂದೂ ಕಾಣದ ನಫಾ ಆಯಿತು. ಹತ್ತಕ್ಕೊಂದು ಎಂದರೆ ಎಷ್ಟಾಗಬಹುದೆಂದು ಠರಾವಿನ ದಿನ ಯಾರೂ ಯೋಚಿಸಿರಲಿಲ್ಲ. ಅವನ ಪಾಲು ಇನ್ನೂರು ರೂಪಾಯಿಯ ಎರಡು ವರ್ಷದ ಪಗಾರವನ್ನೂ ಮೀರಿತು.

ಮುಂದಿನ ಜೂನಿನ ಸಭೆಯಲ್ಲಿ ಅಜೀಜ ಸೇಠರು ಗಂಟಲು ಸರಿಮಾಡಿಕೊಂಡರು. "ವೈಜಿನಾಥರಾವ್, ನೀವು ಇನ್ನೂರು ಕೇಳಿದ್ರಿ ನೋಡ್ರಿ, ಅದು ವಾಜವಿನೇ ಇತ್ತು, ನ್ಯಾಯದ್ದೇ. ಹ್ವಾದ ವರ್ಷದಿಂದನ ಕೊಡ್ತೇವಿ. ಈ ಪಾಲು ಗೀಲು ಯಾಕ ಬೇಕು?"

ಹಿಸ್ಸೇದಾರರು ಹೌದು ಹೌದು ಎಂದರು. ವೈಜಿನಾಥ ಚೀಲದಿಂದ ಜಂಗು ಹಿಡಿದು ತೂತಾದ ಗೋದಾಮಿನ ಹಳೆ ತಗಡಿನ ತುಂಡೊಂದನ್ನು ತೆಗೆದು ಅಂಜನಾಬಾಯಿಯ ಮುಂದಿಟ್ಟ.

"ಆವಾಗ ಕೇಳಿದ್ರಲ್ಲ ಆಯಿ, ಆ ಕಿವಿ ಇದು. ತರೂದು ತಡ ಆತು."

ಅವಳು ತಗಡನ್ನೆತ್ತಿ ತೂತಿನಿಂದ ಅವನನ್ನೊಮ್ಮೆ, ಸೇಠರನ್ನೊಮ್ಮೆ ನೋಡಿದಳು.

"ಈ ಸಲ ಬಕ್ಕಪ್ಪನ ಪಾಲಿಗಿ ಚಲೋ ಚಲೋ ಮರಿ ಹೋದ್ವು ಸೇಠ. ನನಗೂ ಹೊಟ್ಟಿ ಉರೀತು. ಕೊಟ್ಟೆ. ನೀವೂ ಕೊಡ್ರಿ. ಮುಂದ ಮರಿ ಸತ್ರ ಇಂವನೂ ಉಪವಾಸ ಕೂಡಾಂವನೇ."

ಸೇಠರು ನಿಟ್ಟುಸಿರು ಬಿಟ್ಟು ಪಾಲಿನ ಲೆಕ್ಕಕ್ಕೆ ರುಜು ಹಾಕಿದರು. ಠರಾವು ಹಾಗೇ ಉಳಿಯಿತು.

ಸಂಜೆ ಮನೆ ಬಾಗಿಲಿಗೆ ಬರುವಷ್ಟರಲ್ಲಿ ವರ್ಷದ ಮೊದಲ ದಪ್ಪ ಹನಿಗಳು ಬಿದ್ದವು. ಚಂದ್ರಭಾಗಾ ತುಪ್ಪದ ಒಗ್ಗರಣೆ ಬಿಟ್ಟು ಹೊರಗೆ ಬಂದಳು. ಗಂಡ ಹೊಸ್ತಿಲಿನಿಂದಲೇ ತಿರುಗಿ ಗಿರಣಿಯ ದಾರಿ ಹಿಡಿದಿದ್ದ.

"ಶೇರವಾನಿ ತೊಯ್ತದರಿ," ಎಂದು ಕೂಗಿದಳು.

"ತೊಯ್ಲಿ ಬಿಡು," ಎಂದು ಮಳೆಯೊಳಗಿಂದ ಕೇಳಿಸಿತು.